ನಿಮ್ಮ ಸಾಧನವು ನವೀಕೃತವಾಗಿದೆ

ಧಾರವಾಡದ ಮಾಳಮಡ್ಡಿಯ ಶಾಲೆಯಲ್ಲಿ ಲಕ್ಷ್ಮೀಬಾಯಿ ಟೀಚರು ಹಾಜರಿ ಕೂಗುವಾಗ ಸುಜಾತಾ “ಹಾಜರ್” ಅನ್ನುತ್ತಿದ್ದಳು. ಅನ್ನುತ್ತಿದ್ದದ್ದು ಖರೆ. ಆದರೆ ಆ ಮಾತು ಮೂರನೆಯ ಬೆಂಚು ದಾಟುವಷ್ಟರಲ್ಲಿ ದಮ್ಮು ಕಳೆದುಕೊಂಡು ಎಲ್ಲೋ ಬಿದ್ದುಬಿಡುತ್ತಿತ್ತು. ಟೀಚರು ತಲೆ ಎತ್ತದೆ ಗೈರು ಎಂದು ಬರೆದುಕೊಂಡು ಮುಂದಿನ ಹೆಸರಿಗೆ ಹೋಗುತ್ತಿದ್ದರು. ವರ್ಷದ ಕೊನೆಗೆ ಅವಳ ಅಪ್ಪ ಗೋವಿಂದಪ್ಪನನ್ನು ಕರೆಸಿ, ನಿಮ್ಮ ಮಗಳು ಅರವತ್ತು ದಿನ ಶಾಲೆಯ ಮುಖವನ್ನೇ ನೋಡಿಲ್ಲ ಎಂದರು. ದಿನಾ ಸೈಕಲ್ಲಿನ ಮೇಲೆ ಕೂಡಿಸಿಕೊಂಡು ಬಂದು ತಾನೇ ಗೇಟಿನ ತನಕ ಬಿಟ್ಟು ಹೋಗುತ್ತಿದ್ದ ಗೋವಿಂದಪ್ಪ ಆ ಮಾತನ್ನು ಒಪ್ಪದೆ, ಮಗಳನ್ನೇ ಮುಂದೆ ಕರೆದು ಹಾಜರ್ ಅನ್ನಿಸಿದ. ಆಮೇಲೆ ಎಲ್ಲ ತಿಳಿಯಾಯಿತು. ಟೀಚರು ಕೆಂಪು ಶಾಯಿಯ ಪೆನ್ನು ತೆಗೆದು ಅರವತ್ತೂ ಗೈರುಗಳನ್ನು ಒಂದೊಂದಾಗಿ ಹೊಡೆದು ಹಾಕಿದರು. “ಬಾಯಿ ಬಿಟ್ಟು ಇದ್ದೀನಿ ಅನ್ನವಾ. ಇಲ್ಲಾಂದ್ರ ನೀ ಇಲ್ಲ ಅಂತನ ಎಲ್ಲಾರೂ ಬರ್ಕೋತಾರ,” ಎಂದು ಅವಳ ಕೆನ್ನೆ ತಟ್ಟಿ ಕಳಿಸಿದರು.

ಈಗ ಸುಜಾತಾಗೆ ಇಪ್ಪತ್ತೊಂಬತ್ತು. ಕನ್ನಡದಲ್ಲಿ ಎಂ.ಎ. ಮುಗಿಸಿ, ಮೇಲೊಂದು ಗ್ರಂಥಾಲಯದ ಕೋರ್ಸು ಮಾಡಿಕೊಂಡು, ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗಾಗಿ ಇಲಾಖೆಯೊಂದು ಧಾರವಾಡದಲ್ಲಿ ನಡೆಸುವ ವಾಚನಾಲಯದಲ್ಲಿ ಗುತ್ತಿಗೆಯ ಸಹಾಯಕಿಯಾಗಿದ್ದಳು. ಬೆಳಿಗ್ಗೆ ಎಂಟಕ್ಕೆ ಬೀಗ ತೆಗೆಯುವುದು, ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಅದನ್ನೆಲ್ಲ ವಿತರಣಾ ರಿಜಿಸ್ಟರಿನಲ್ಲಿ ದಿನಕ್ಕೊಂದು ಪುಟದಂತೆ ಬರೆದು ಕೆಳಗೆ ಸಹಿ ಮಾಡುವುದು, ಸಂಜೆ ಆರಕ್ಕೆ ಬೀಗ ಹಾಕುವುದು. ಅಲ್ಲಿ ಎಲ್ಲರೂ ಪಿಸುದನಿಯಲ್ಲಿಯೇ ಮಾತಾಡುತ್ತಿದ್ದರು. ತನ್ನ ದನಿಯ ಅಳತೆಗೆ ಸರಿಯಾಗಿ ಕಟ್ಟಿಸಿದ ಕಟ್ಟಡ ಊರಲ್ಲಿ ಇದೊಂದೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಗುತ್ತಿಗೆ ಪ್ರತಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಅದರೊಳಗೆ ಮೇಲಿನ ಕಚೇರಿಯಿಂದ ‘ನವೀಕರಿಸಲಾಗಿದೆ’ ಎಂಬ ಒಂದು ಸಾಲಿನ ಆದೇಶ ಬಂದರೆ ಮತ್ತೊಂದು ವರ್ಷ ಉಸಿರು. ನಾಲ್ಕು ಸಲ ಬಂದಿತ್ತು. ಐದನೆಯದೂ ಬಂದರೆ, ಐದು ವರ್ಷ ತುಂಬಿದವರನ್ನು ಕಾಯಂ ಮಾಡುವ ಪಟ್ಟಿಗೆ ಸೇರಿಸುತ್ತಾರೆ ಎಂಬ ಮಾತಿತ್ತು. ಸುಜಾತಾ ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ, ಆಡಿದರೆ ಎಲ್ಲಿ ಕೆಟ್ಟೀತೋ ಎಂಬ ಅಂಜಿಕೆ.

ಹೋದ ಜೂನಿನಲ್ಲಿ ಮಸ್ಟರ್ ಹೋಗಿ ಆ್ಯಪ್ ಬಂತು. ಅಧೀಕ್ಷಕ ಕುಬೇರಪ್ಪನವರು ಹಾಜರಿ ಪುಸ್ತಕಕ್ಕೆ ಲಾಡಿ ಕಟ್ಟಿ ಕಪಾಟಿಗೆ ಹಾಕಿ, ಇನ್ನು ಮೇಲೆ ಎಲ್ಲರೂ ಅವರವರ ಫೋನಿಗೆ ಮುಖ ತೋರಿಸಬೇಕು ಎಂದರು. ಕಟ್ಟಡದ ನೂರು ಮೀಟರಿನೊಳಗೆ ನಿಂತು ತೋರಿಸಬೇಕು. ಒಬ್ಬರಿಗೆ ಒಂದೇ ಫೋನು. ನೂರಕ್ಕೆ ಎಪ್ಪತ್ತೈದು ದಿನ ಹಾಜರಿ ಇಲ್ಲದವರಿಗೆ ನವೀಕರಣ ಇಲ್ಲ. ಉಳಿದವರೆಲ್ಲ ಗೊಣಗಿದರು. ಸುಜಾತಾಗೆ ಮಾತ್ರ ಒಳಗೊಳಗೇ ಹಿಗ್ಗಾಯಿತು. ಬಾಯಿ ಬಿಡುವ ಕೆಲಸವೇ ಇಲ್ಲ, ಸುಮ್ಮನೆ ನೋಡಿದರೆ ಸಾಕು, ಹಸಿರು ಅಕ್ಷರದಲ್ಲಿ ‘ಹಾಜರಿ ದಾಖಲಾಗಿದೆ’ ಎಂದು ಬರುತ್ತಿತ್ತು. ಲಕ್ಷ್ಮೀಬಾಯಿ ಟೀಚರಿಗೆ ಕೇಳಿಸದ್ದು ಇದಕ್ಕೆ ಕೇಳಿಸಿತಲ್ಲ ಎಂದುಕೊಂಡಳು.

ಅವಳ ಫೋನು ಅಪ್ಪ ಕೊಡಿಸಿದ್ದು. ಎಂ.ಎ. ಮುಗಿದ ವಾರ ಗೋವಿಂದಪ್ಪ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದ. ಕಾಲೇಜೊಂದರಲ್ಲಿ ಜವಾನನಾಗಿ ಮೂವತ್ತು ವರ್ಷ ಫೈಲು ಹೊತ್ತವನು. ಏನು ಕೊಳ್ಳುವಾಗಲೂ ಅವನದು ಒಂದೇ ಪ್ರಶ್ನೆ, ಬಾಳಿಕೆ ಎಷ್ಟು? ಬೀಳದ ಹಾಗೆ ನೋಡಿಕೊಂಡರೆ ಹತ್ತು ವರ್ಷಕ್ಕೆ ಸಾವಿಲ್ಲ ಎಂದಿದ್ದ ಅಂಗಡಿಯವನು. ಸುಜಾತಾ ಬೀಳದ ಹಾಗೆ ನೋಡಿಕೊಂಡಳು. ಅವ್ವ ಗುಡ್ಡವ್ವ ಇಳಕಲ್ ಸೀರೆಯ ತುಂಡಿನಲ್ಲಿ ಹೊಲಿದುಕೊಟ್ಟ ಚೀಲದಲ್ಲಿ ಅದನ್ನು ಇಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲಂತೂ ಚೀಲದ ದಾರ ಎರಡು ಸುತ್ತಾಯಿತು. ಆರು ವರ್ಷದಲ್ಲಿ ಗಾಜಿನ ಮೇಲೆ ಕೂದಲೆಳೆಯಷ್ಟೂ ಗೀರಿಲ್ಲ.

ನವೆಂಬರ್ ಹದಿನೈದರ ಬೆಳಿಗ್ಗೆ ಆ್ಯಪ್ ತೆರೆಯಲಿಲ್ಲ. ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ ಎಂದಿತು. ಹಾಕಿಕೊಳ್ಳಲು ಹೋದರೆ, ಈ ಆವೃತ್ತಿಯು ನಿಮ್ಮ ಸಾಧನಕ್ಕೆ ಹೊಂದಿಕೆಯಾಗುವುದಿಲ್ಲ ಎಂದಿತು. ಹೊಂದಿಕೆಯಾಗುವುದಿಲ್ಲ ಎಂಬ ಮಾತನ್ನು ಅವಳು ಅದಕ್ಕೆ ಮೊದಲು ಎರಡು ಸಲ ಕೇಳಿದ್ದಳು, ಎರಡು ಸಲವೂ ಗಂಡಿನ ಕಡೆಯವರಿಂದ. ಹಾಗಾಗಿ ಗಾಬರಿಯಾಗಲಿಲ್ಲ. ಫೋನಿನ ಸೆಟ್ಟಿಂಗ್ಸಿಗೆ ಹೋಗಿ, ಸಿಸ್ಟಂ ಅಪ್‌ಡೇಟ್ ಎಂಬಲ್ಲಿ ಒತ್ತಿದಳು. ಒಂದು ಚಕ್ರ ಗರಗರ ತಿರುಗಿತು. ಆಮೇಲೆ ಹಸಿರು ಗುರುತಿನ ಕೆಳಗೆ, ಅವಳು ಆರಿಸಿಟ್ಟುಕೊಂಡಿದ್ದ ಕನ್ನಡದಲ್ಲಿಯೇ, ಎರಡು ಸಾಲು ಮೂಡಿದವು: ‘ನಿಮ್ಮ ಸಾಧನವು ನವೀಕೃತವಾಗಿದೆ. ಕೊನೆಯ ಬಾರಿ ಪರಿಶೀಲಿಸಿದ್ದು: ಈಗಷ್ಟೇ.’

ನವೀಕೃತ ಎಂದರೆ ಹೊಸದು ಮಾಡಲ್ಪಟ್ಟದ್ದು. ಕನ್ನಡ ಓದಿದವಳಿಗೆ ಅದರಲ್ಲಿ ಎರಡನೆಯ ಅರ್ಥ ಕಾಣಲಿಲ್ಲ. ಫೋನು ಸರಿ ಇದೆ, ತಪ್ಪು ಆ್ಯಪಿನದು, ನಾಳೆ ನಾಡಿದ್ದು ಸರಿ ಮಾಡುತ್ತಾರೆ ಎಂದುಕೊಂಡು ಪುಸ್ತಕ ಕೊಡಲು ಕುಳಿತಳು.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಬೀಗ ತೆಗೆಯುವುದು, ಕಿಟಕಿ ತೆರೆಯುವುದು, ಆ್ಯಪ್ ಒತ್ತುವುದು, ಅದು ಒಲ್ಲೆ ಅನ್ನುವುದು, ಅಪ್‌ಡೇಟ್ ಒತ್ತುವುದು, ಅದು ನವೀಕೃತವಾಗಿದೆ ಅನ್ನುವುದು. ಮನೆಯಲ್ಲಿ ಅವ್ವ ಬುದ್ಧನ ಫೋಟೋಕ್ಕೆ ಹೂವು ಏರಿಸುವ ಹಾಗೆ ಇದೂ ಬೆಳಗಿನ ಒಂದು ನೇಮವಾಯಿತು. ಆ ಹಸಿರು ಗುರುತು ಕಂಡರೆ ಅವಳಿಗೆ ಏನೋ ಧೈರ್ಯ.

ಯಾರನ್ನಾದರೂ ಕೇಳಬಹುದಿತ್ತು. ಮೂರು ಸಲ ಕುಬೇರಪ್ಪನವರ ಬಾಗಿಲ ತನಕ ಹೋದಳು. ಮೂರು ಸಲವೂ ಅವರು ಫೋನಿನಲ್ಲಿದ್ದರು. ನಾಲ್ಕನೆಯ ಸಲ ಹೋಗಲಿಲ್ಲ, ಅಪ್ಪನ ಮಾತು ನೆನಪಾಯಿತು. ಬಾಯಿಲೆ ಹೇಳಿದ್ದು ಗಾಳಿಗೆ, ಬರೆದು ಕೊಟ್ಟದ್ದು ಫೈಲಿಗೆ ಎನ್ನುತ್ತಿದ್ದ ಗೋವಿಂದಪ್ಪ. ಬರೆದದ್ದಕ್ಕೂ ಬಾಲ ಬೇಕು. ಲಗತ್ತು ಇಲ್ಲದ ಅರ್ಜಿ ಬೇರಿಲ್ಲದ ಗಿಡ ಎನ್ನುತ್ತಿದ್ದ. ಅವರ ಮನೆಯಲ್ಲಿ ರೇಷನ್ ಕಾರ್ಡಿನಿಂದ ಹಿಡಿದು ಗುಡ್ಡವ್ವನ ಅಂಗನವಾಡಿ ಸಹಾಯಕಿಯ ಕೆಲಸದ ತನಕ ಎಲ್ಲ ಬಂದದ್ದು ಹಾಗೆ, ಬರೆದು, ಲಗತ್ತಿಸಿ, ಕಾದು.

ಸುಜಾತಾ ಒಂದು ಭಾನುವಾರ ಪೂರ್ತಿ ಕುಳಿತು ಅರ್ಜಿ ಬರೆದಳು. ದಿನಾಂಕ ಹದಿನೈದರಿಂದ ಹಾಜರಾತಿ ಆ್ಯಪ್ ಕಾರ್ಯನಿರ್ವಹಿಸುತ್ತಿಲ್ಲ, ತಾನು ದಿನವೂ ಕರ್ತವ್ಯದಲ್ಲಿದ್ದೇನೆ, ತನ್ನ ಸಾಧನದಲ್ಲಿ ಯಾವ ದೋಷವೂ ಇಲ್ಲ, ಅದು ನವೀಕೃತವಾಗಿದೆ, ಇದಕ್ಕೆ ಪುರಾವೆಯಾಗಿ ಫೋನಿನ ಪರದೆಯ ಬಣ್ಣದ ಪ್ರತಿಯನ್ನು ಲಗತ್ತಿಸಿದೆ. ಹಸಿರು ಗುರುತು ಕಾಗದದ ಮೇಲೆ ಚೆಂದ ಮೂಡಿತ್ತು. ಕುಬೇರಪ್ಪನವರು ಅರ್ಜಿಯನ್ನು ಕಣ್ಣಿನಿಂದ ದೂರ ಹಿಡಿದು ನೋಡಿ, ಅಕ್ಷರ ಮುತ್ತು ಪೋಣಿಸಿದ ಹಾಗಿವೆ ಎಂದು ಹೊಗಳಿ, ‘ಮೇಲ್ಕಚೇರಿಗೆ ಸಲ್ಲಿಸಿದೆ’ ಎಂದು ಬರೆದು ಕಳಿಸಿದರು. ಗುತ್ತಿಗೆಯವರ ಸಂಬಳ ಹೇಗೂ ಮೂರು ನಾಲ್ಕು ತಿಂಗಳು ತಡವಾಗಿಯೇ ಬರುವಂಥದ್ದು. ಅವಳು ಮತ್ತೆ ನಿಶ್ಚಿಂತಳಾದಳು.

ಜನವರಿಯ ಮೂರನೆಯ ವಾರದಲ್ಲಿ ಸುದ್ದಿ ಒಡೆದವನು ಉದಯಕುಮಾರ. ವಾಚನಾಲಯದ ಇನ್ನೊಬ್ಬ ಗುತ್ತಿಗೆಯ ಸಹಾಯಕ ಅವನು. ಬೆಳಿಗ್ಗೆ ಎಂಟೂ ಐದಕ್ಕೆ ಸ್ಕೂಟರಿನ ಮೇಲೆ ಗೇಟಿನ ತನಕ ಬಂದು, ಎಂಜಿನ್ ಬಂದ್ ಮಾಡದೆ, ಹೆಲ್ಮೆಟ್ಟನ್ನು ಹಣೆಯ ಮೇಲಕ್ಕೆ ಏರಿಸಿ ಫೋನಿಗೆ ಮುಖ ತೋರಿಸಿ, ಅಲ್ಲಿಂದಲೇ ಅಮರಗೋಳದ ಮಾರ್ಕೆಟ್ ಯಾರ್ಡಿಗೆ ಹೋಗುತ್ತಿದ್ದ. ಅಲ್ಲಿ ಯಾರದೋ ಕಾಳಿನ ಅಂಗಡಿಯಲ್ಲಿ ತೂಕ ಬರೆಯುವ ಕೆಲಸ. ಸಂಜೆ ಐದೂವರೆಗೆ ಬಂದು ಮತ್ತೊಮ್ಮೆ ಮುಖ ತೋರಿಸಿದರೆ ಆ ದಿನ ಮುಗಿಯಿತು. ಕೆಟ್ಟವನಲ್ಲ. ಹಬ್ಬ ಬಂದರೆ ಸುಜಾತಾಗೂ ಒಂದು ಸೇರು ಶೇಂಗಾ ತಂದುಕೊಡುತ್ತಿದ್ದ. ಅವತ್ತು ಸ್ಕೂಟರ್ ನಿಲ್ಲಿಸಿ ಒಳಗೇ ಬಂದದ್ದು ನೋಡಿ ಅವಳಿಗೆ ಆಶ್ಚರ್ಯವಾಯಿತು.

“ಅಕ್ಕಾ, ವಾಟ್ಸ್ಯಾಪಿನ್ಯಾಗ ಲಿಸ್ಟ್ ಬಂದೈತಿ, ನಿನ್ನ ಹೆಸರು ಕೆಂಪಾಗೇತಿ. ನವೆಂಬರ್ ಹದಿನೈದರಿಂದ ಇತ್ತಾಗ ನೀ ಬಂದ ಇಲ್ಲ ಅಂತ.”

“ದಿನಾ ಬರ್ತೇನಲ್ಲೊ.”

“ನೀ ಬರ್ತಿ ಅಂತ ನನಗ ಹೆಂಗ ಗೊತ್ತಾಗಬೇಕು, ನಾ ಇರೂದಿಲ್ಲಲ್ಲ,” ಎಂದು ಅವನು ನಕ್ಕ. ಅವಳ ಮುಖ ನೋಡಿ ನಗು ಅರ್ಧಕ್ಕೆ ನಿಂತಿತು.

ಅವಳು ಚೀಲ ಬಿಚ್ಚಿ ಫೋನು ತೋರಿಸಿದಳು. ಅಪ್‌ಡೇಟ್ ಒತ್ತಿದಳು. ಚಕ್ರ ತಿರುಗಿತು, ಹಸಿರು ಗುರುತು ಬಂತು. ಉದಯಕುಮಾರ ತಲೆ ಕೆರೆದುಕೊಂಡು, ತನಗೆ ಇದರ ಒಳಮರ್ಮ ತಿಳಿಯುವುದಿಲ್ಲ, ಹುಬ್ಬಳ್ಳಿಯಲ್ಲಿ ಕಾಸಿಮಸಾಬ ಎಂಬವರಿದ್ದಾರೆ, ಹಳೇ ಫೋನಿಗೆ ಜೀವ ಕೊಡುವವರು, ಅವರಿಗೆ ತೋರಿಸು ಎಂದು ಅಂಗಡಿಯ ಗುರುತು ಹೇಳಿದ.

ಆ ಭಾನುವಾರ ಸುಜಾತಾ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿದಳು. ಕಾಸಿಮಸಾಬನದು ದುರ್ಗದಬೈಲಿನ ಹಿಂದಿನ ಗಲ್ಲಿಯಲ್ಲಿ ಒಂದು ಗೂಡು. ಮೊದಲು ರೇಡಿಯೋ, ಆಮೇಲೆ ಟೇಪ್ ರಿಕಾರ್ಡರ್, ಈಗ ಫೋನು. ಅರವತ್ತು ದಾಟಿದ ಮನುಷ್ಯ. ಫೋನನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಹೊಸ ಮದುಮಗಳ ಹಾಗೆ ಇಟ್ಟಿದ್ದೀಯಲ್ಲ ಎಂದು ಮೆಚ್ಚಿಕೊಂಡ. ಅವಳು ಆ ಎರಡು ಸಾಲನ್ನು ತೋರಿಸಿದಳು. ಅವನು ಕನ್ನಡಕ ಏರಿಸಿ ಓದಿದ.

“ಇದು ಸುಳ್ಳು ಹೇಳಾಕತ್ತಿಲ್ಲ ತಂಗಿ. ನೀ ಅದನ್ನ ಕೇಳೂದು, ನನಗ ಏನರೆ ಬಂದೈತೇನು ಅಂತ. ಅದು ಹೇಳೂದು, ನಿನಗ ಬರೂದು ಏನೂ ಉಳದಿಲ್ಲ ಅಂತ. ಅದಕ್ಕ ನವೀಕೃತ.”

ಸುಜಾತಾ ಆ ಶಬ್ದವನ್ನು ಮತ್ತೊಮ್ಮೆ ನೋಡಿದಳು. ಎರಡು ತಿಂಗಳು ದಿನಾ ಬೆಳಿಗ್ಗೆ ಕಣ್ಣಿಗೊತ್ತಿಕೊಂಡ ಶಬ್ದ.

ಕಾಸಿಮಸಾಬ ಬಿಡಿಸಿ ಹೇಳಿದ. ಫೋನಿನೊಳಗಿನ ಸಾಫ್ಟ್‌ವೇರು ಹಿಟ್ಟಿದ್ದ ಹಾಗೆ, ಅದನ್ನು ಬೀಸುವವನು ಎಲ್ಲರಿಗೂ ಒಬ್ಬನೇ ಎಂದುಕೊ. ವರ್ಷಕ್ಕೊಮ್ಮೆ ಹೊಸ ಹಿಟ್ಟು ಬೀಸಿ ಎಲ್ಲ ಕಂಪನಿಗೂ ಕೊಡುತ್ತಾನೆ. ರೊಟ್ಟಿ ಬಡಿಯಬೇಕಾದವರು ಆಯಾ ಕಂಪನಿಯವರು. ಒಂದೊಂದು ಫೋನೂ ಒಂದೊಂದು ಹಂಚು, ಒಂದು ತಗ್ಗು, ಒಂದು ಉಬ್ಬು, ಒಂದು ಸೊಟ್ಟ. ಒಂದಕ್ಕೆ ಬಡಿದದ್ದು ಇನ್ನೊಂದಕ್ಕೆ ಕೂಡುವುದಿಲ್ಲ. ಹೀಗೆ ಸಾವಿರ ಹಂಚು. ನಿನ್ನ ಹಂಚಿಗೆ ಎರಡು ವರ್ಷ ಬಡಿದರು, ಸಾಕೆಂದು ಕೈ ತೊಳೆದುಕೊಂಡರು. ದೊಡ್ಡ ಫೋನಿನವರಿಗೆ ಈಗ ಏಳು ವರ್ಷ ಬಡಿದು ಕೊಡುತ್ತೇವೆಂದು ಬರೆದು ಕೊಡುತ್ತಾರೆ. ಇಂಥ ಫೋನಿನ ಡಬ್ಬಿಯ ಮೇಲೆ ಯಾರೂ ಏನೂ ಬರೆದಿರುವುದಿಲ್ಲ. ಆ್ಯಪಿನವರು ಹೊಸ ಹಿಟ್ಟಿನ ರೊಟ್ಟಿಯೇ ಬೇಕು ಅನ್ನುತ್ತಿದ್ದಾರೆ, ನಿನ್ನಲ್ಲಿ ಅದಿಲ್ಲ. ಇಷ್ಟೇ.

“ಹಂಚು ಒಡದಿಲ್ಲಲ್ಲ ಕಾಕಾ,” ಎಂದಳು ಸುಜಾತಾ.

“ಒಡದಿಲ್ಲ. ಒಡದಿದ್ರ ಆವಾಗ ಹೊಸಾದು ತಗೊಂಡಿರ್ತಿದ್ದಿ. ಈ ತ್ರಾಸ ಬರ್ತಿರಲಿಲ್ಲ.”

ಅಪ್ಪ ಕೇಳಿದ್ದು ಬಾಳಿಕೆ. ಕೇಳಬೇಕಾದದ್ದು ಬೇರೆಯೇ ಇತ್ತು. ಅದಕ್ಕೊಂದು ಕನ್ನಡ ಶಬ್ದವಿದ್ದರೂ ಅಪ್ಪನಿಗಾಗಲಿ ಅವಳಿಗಾಗಲಿ ಆವತ್ತು ಗೊತ್ತಿರಲಿಲ್ಲ.

ಕಾಸಿಮಸಾಬನ ಹತ್ತಿರವೇ ಯಾರೋ ಬಳಸಿ ಬಿಟ್ಟ, ಮೂಲೆ ಸೀಳಿದ ಒಂದು ಫೋನು ಕೊಂಡಳು. ಅದರಲ್ಲಿ ಆ್ಯಪ್ ಇಳಿಯಿತು, ತೆರೆಯಿತು. ಸೋಮವಾರ ಬೆಳಿಗ್ಗೆ ವಾಚನಾಲಯದ ಬಾಗಿಲಲ್ಲಿ ನಿಂತು ಅದಕ್ಕೆ ಮುಖ ತೋರಿಸಿದಳು. ನಿಮ್ಮ ಹೆಸರು ಬೇರೊಂದು ಸಾಧನದಲ್ಲಿ ನೋಂದಣಿಯಾಗಿದೆ, ಬದಲಾವಣೆಗೆ ಹಳೆಯ ಸಾಧನದಿಂದಲೇ ವಿನಂತಿ ಸಲ್ಲಿಸಿ ಎಂದಿತು ಅದು. ಸಹಾಯವಾಣಿಗೆ ಫೋನು ಮಾಡಲು ಏನೇನು ಹೇಳಬೇಕೆಂದು ಹಾಳೆಯ ಮೇಲೆ ಬರೆದುಕೊಂಡಳು. ಆ ಕಡೆಯ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಹಳೆಯ ಫೋನಿನಲ್ಲಿ ಆ್ಯಪ್ ತೆರೆಯಿರಿ, ಮೂಲೆಯಲ್ಲಿ ‘ಸಾಧನ ಬದಲಾವಣೆ’ ಎಂದು ಇದೆ, ಅದನ್ನು ಒತ್ತಿರಿ. ಹಳೆಯ ಫೋನಿನಲ್ಲಿ ಆ್ಯಪ್ ತೆರೆಯುವುದಿಲ್ಲ ಎಂದಳು ಸುಜಾತಾ. ಹಾಗಾದರೆ ಅದನ್ನು ಹೊಸ ಆವೃತ್ತಿಗೆ ನವೀಕರಿಸಿಕೊಳ್ಳಿ ಮೇಡಂ ಎಂದಳು ಆ ಹುಡುಗಿ.

ಮುಂದಿನ ಭಾನುವಾರ ಮತ್ತೆ ಹುಬ್ಬಳ್ಳಿ. ಈ ಸಲ ಅವಳಿಗೆ ಬೇಕಾದದ್ದು ಸಣ್ಣದು, ಹಳೆಯ ಫೋನಿನಲ್ಲಿ ಆ ಆ್ಯಪ್ ಒಂದೇ ಒಂದು ಸಲ ತೆರೆಯಬೇಕು, ಒಂದು ಗುಂಡಿ ಒತ್ತುವಷ್ಟು ಹೊತ್ತು. ಕಾಸಿಮಸಾಬ ಗದ್ದ ತಿಕ್ಕಿಕೊಂಡ. ಕಂಪನಿಯವರು ಬಿಟ್ಟ ಹಂಚಿಗೂ ಪ್ರೀತಿಗಾಗಿ ರೊಟ್ಟಿ ಬಡಿಯುವ ಹುಚ್ಚರು ಲೋಕದಲ್ಲಿದ್ದಾರೆ, ಎಲ್ಲಿಯೋ ಕುಳಿತು ಪುಕ್ಕಟೆ ಮಾಡಿ ಹಂಚುತ್ತಾರೆ, ಈ ಫೋನಿಗೂ ಒಬ್ಬ ಪುಣ್ಯಾತ್ಮ ಮಾಡಿದ್ದಾನೆ, ಹಾಕಿ ನೋಡೋಣ ಎಂದ. ಹಾಕಬೇಕಾದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಅವಳು ಅಪ್ಪನ ಫೋಟೋಗಳನ್ನು ಸೀಳಿದ ಫೋನಿಗೆ ದಾಟಿಸಿಕೊಂಡು, ಹೂಂ ಎಂದಳು.

ಎರಡು ತಾಸು ಹಿಡಿಯಿತು. ಅಪ್ಪ ಕೊಡಿಸಿದ ಫೋನು ಗುರುತು ಸಿಗದ ಹೊಸ ಮುಖ ಹೊತ್ತು ಎದ್ದು ಕುಳಿತಿತು. ಆ್ಯಪ್ ಹಾಕಿದರು. ಹೊಂದಿಕೆಯಾಗುವುದಿಲ್ಲ ಎನ್ನಲಿಲ್ಲ. ತೆರೆಯಿತು. ಎರಡೂವರೆ ತಿಂಗಳ ಮೇಲೆ ಮೊದಲ ಸಲ ಆ ಹಸಿರು ಪುಟ ಅವಳ ಕಣ್ಣಿಗೆ ಬಿತ್ತು, ಮೂಲೆಯಲ್ಲಿ ‘ಸಾಧನ ಬದಲಾವಣೆ’ ಕೂಡ. ಅವಳ ಬೆರಳು ಅಲ್ಲಿಗೆ ಹೋಗುವಷ್ಟರಲ್ಲಿ ಪರದೆ ಕಪ್ಪಾಯಿತು. ನಿಮ್ಮ ಸಾಧನವು ಅಧಿಕೃತವಲ್ಲ, ಸುರಕ್ಷತೆಯ ಕಾರಣಕ್ಕಾಗಿ ಮುಚ್ಚಲಾಗುತ್ತಿದೆ. ಮೂರು ಸಲ ಮಾಡಿದರು, ಮೂರು ಸಲವೂ ಅಷ್ಟೇ ದೂರ ಬಂದು ಬಾಗಿಲು ಹಾಕಿಕೊಂಡಿತು.

“ಕಂಪನಿಯವರು ಬಡದಿದ್ದಲ್ಲಂತ ಗೊತ್ತಾತು ಅದಕ್ಕ,” ಎಂದ ಕಾಸಿಮಸಾಬ. “ಹೊರಗಿನವರ ಕೈ ರೊಟ್ಟಿ ಉಣ್ಣೂದಿಲ್ಲಂತ ಇದು.”

ಅವನು ಹಗುರಾಗಿಯೇ ಅಂದದ್ದು. ಸುಜಾತಾಳ ಅಜ್ಜಿ ಆ ಮಾತನ್ನು ಊರ ಕಟ್ಟೆಗಳ ಕೆಳಗೆ ನಿಂತು ಕೇಳಿಸಿಕೊಂಡು ಬಂದವಳು. ಮೊಮ್ಮಗಳು ಅದನ್ನು ಫೋನಿನಿಂದ ಕೇಳಿಸಿಕೊಂಡು, ಎರಡೂ ಫೋನು ಒಂದೇ ಚೀಲಕ್ಕೆ ಹಾಕಿ, ದಾರ ಸುತ್ತಿ, ಬಸ್ಸು ಹತ್ತಿದಳು.

ಫೆಬ್ರವರಿಯಲ್ಲಿ ಅವಳ ಅರ್ಜಿಗೆ ಮೇಲಿನಿಂದ ಉತ್ತರ ಬಂತು. ಕುಬೇರಪ್ಪನವರು ಕರೆಸಿ, ಕುರ್ಚಿ ತೋರಿಸಿ, ತಾವೇ ಓದಿದರು. ‘ಸದರಿಯವರು ತಮ್ಮ ಅರ್ಜಿಯೊಂದಿಗೆ ಲಗತ್ತಿಸಿರುವ ದಾಖಲೆಯ ಪ್ರಕಾರ ಅವರ ಸಾಧನವು ನವೀಕೃತವಾಗಿದ್ದು, ಅದರಲ್ಲಿ ಯಾವುದೇ ದೋಷವಿರುವುದಿಲ್ಲವೆಂದು ಅವರೇ ಒಪ್ಪಿಕೊಂಡಿರುತ್ತಾರೆ. ಆದ್ದರಿಂದ ಗೈರುಹಾಜರಿಗೆ ತಾಂತ್ರಿಕ ಕಾರಣವಿರುವುದು ಕಂಡುಬರುವುದಿಲ್ಲ.’ ಲಗತ್ತಿನ ಪ್ರತಿಯನ್ನೂ ಹಿಂದಕ್ಕೆ ಕಳಿಸಿದ್ದರು. ಝೆರಾಕ್ಸಿನಲ್ಲಿ ಹಸಿರು ಗುರುತು ಕಪ್ಪಾಗಿತ್ತು.

“ನೀನ ಬರದು ಕೊಟ್ಟೀಯಲ್ಲವಾ,” ಎಂದರು ಕುಬೇರಪ್ಪನವರು.

ಸುಜಾತಾ ಅವತ್ತು ಮಾತಾಡಿದಳು. ನವೀಕೃತ ಎಂದರೆ ಅಲ್ಲಿ ಹೊಸದು ಎಂದಲ್ಲ, ಇನ್ನು ಮುಂದೆ ಏನೂ ಬರುವುದಿಲ್ಲ ಎಂದು, ಅದು ತನಗೆ ಆಗ ತಿಳಿಯಲಿಲ್ಲ, ಎರಡು ವರ್ಷಕ್ಕೇ ಕಂಪನಿಯವರು ಕೈಬಿಟ್ಟಿದ್ದಾರೆ, ಆ ಶಬ್ದವನ್ನು ಅಲ್ಲಿ ಹಾಗೆ ಬಳಸಬಾರದಿತ್ತು ಎಂದು ಒಂದೇ ಉಸಿರಿಗೆ ಹೇಳಿದಳು. ಆ ಕಟ್ಟಡದಲ್ಲಿ ಐದು ವರ್ಷದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಕುಬೇರಪ್ಪನವರು ಕೊನೆಯ ತನಕ ಕೇಳಿದರು.

“ನನಗ ತಿಳೀತವಾ ನೀ ಹೇಳೂದು. ಫೈಲಿಗೆ ತಿಳಿಯೂದಿಲ್ಲ.”

“ನೀವು ದಿನಾ ನೋಡೀರಲ್ರಿ ಸರ್. ಅಷ್ಟ ಬರದು ಕೊಡ್ರಿ.”

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಕೈಯಿಂದ ಬರೆದ ಹಾಜರಿ ಮಾನ್ಯವಲ್ಲ ಎಂದು ಸುತ್ತೋಲೆ ಇದೆ, ಬರೆದು ಕೊಟ್ಟರೆ ತಮ್ಮ ಕುತ್ತಿಗೆಗೇ ಬರುತ್ತದೆ, ತಮಗೆ ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ ಎಂದೆಲ್ಲ ಹೇಳಿದರು. ಆಮೇಲೆ, ತಮಗೇ ಹೇಳಿಕೊಳ್ಳುವವರಂತೆ, “ಖರೇ ಹೇಳಬೇಕಂದ್ರ, ನೀ ಇದ್ದದ್ದು ಯಾವತ್ತೂ ಗೊತ್ತಾಗಿಲ್ಲ ನೋಡು. ಅಷ್ಟು ಸಣ್ಣಗ ಇರ್ತಿ,” ಎಂದರು. ಅದನ್ನು ಅವರು ಗುಣವೆಂದೇ ಹೇಳಿದ್ದು.

ಗುಡ್ಡವ್ವ ಮನೆಯಲ್ಲಿ ಸುದ್ದಿ ಕೇಳಿ ಕೈಯ ಹಿಟ್ಟನ್ನು ಕೊಡವಿಕೊಂಡು ಎದ್ದಳು. “ನಾ ಬಂದು ಹೇಳ್ತೇನಿ ತಡಿ. ದಿನಾ ಮುಂಜಾನೆ ಎದ್ದು ಬುತ್ತಿ ಕಟ್ಟೇನಿ. ಆಕಿ ಬಂದ ಇಲ್ಲಂದ್ರ ಇಷ್ಟು ದಿನದ ಬುತ್ತಿ ಎಲ್ಲಿ ಹೋದ್ವು, ಕೇಳು ಅವರ್ನ.” ಆಮೇಲೆ ತನ್ನ ಅಂಗನವಾಡಿಯ ಫೋನು ಒಯ್ಯಿ, ಅದು ಹೊಸದಿದೆ ಎಂದಳು. ಅದು ಇನ್ನೊಂದು ಇಲಾಖೆಯದು, ಅದರಲ್ಲಿ ಅವ್ವನ ಮುಖ ಕುಳಿತಿದೆ, ಒಬ್ಬರಿಗೆ ಒಂದೇ ಫೋನು ಎಂದು ಸುಜಾತಾ ತಿಳಿಸಿ ಹೇಳಿದಳು. ಗುಡ್ಡವ್ವ ಮತ್ತೆ ಕುಳಿತು ರೊಟ್ಟಿ ಬಡಿಯತೊಡಗಿದಳು. ಮರುದಿನವೂ ಬುತ್ತಿ ಕಟ್ಟಿದಳು, ಅದರ ಮರುದಿನವೂ. ಸುಜಾತಾ ಒಯ್ದಳು, ಬೀಗ ತೆಗೆದಳು, ಪುಸ್ತಕ ಕೊಟ್ಟಳು, ಪುಟದ ಕೆಳಗೆ ಸಹಿ ಮಾಡಿದಳು. ಬೇರೇನು ಮಾಡುವುದೆಂದು ಅವಳಿಗೆ ತೋಚಲಿಲ್ಲ.

ಮಾರ್ಚ್ ಮೂವತ್ತೊಂದರ ಮಧ್ಯಾಹ್ನ ಆದೇಶ ಬಂತು. ಉದಯಕುಮಾರನ ಹೆಸರಿನ ಮುಂದೆ ‘ನವೀಕರಿಸಲಾಗಿದೆ’ ಎಂದಿತ್ತು, ಹಾಜರಿ ನೂರಕ್ಕೆ ತೊಂಬತ್ತೆಂಟು. ಅವಳ ಹೆಸರಿನ ಮುಂದೆ ಬರೀ ಒಂದು ಗೆರೆ ಎಳೆದಿದ್ದರು. ಅವಳ ಜಾಗಕ್ಕೆ ಬರುವವರು ಬಂದು ಸೇರುವ ತನಕ ಬೀಗದ ಕೈ ಉದಯಕುಮಾರನ ಹತ್ತಿರ ಇರಬೇಕು ಎಂದಿತ್ತು. ಬೀಗದ ಕೈ ಒಪ್ಪಿಸುವ ಪತ್ರದಲ್ಲಿ ‘ಕೊನೆಯ ಹಾಜರಿಯ ದಿನಾಂಕ’ ಎಂಬ ಒಂದು ಕಾಲಂ. ಅಲ್ಲಿ ನವೆಂಬರ್ ಹದಿನಾಲ್ಕು ಎಂದು ಮೊದಲೇ ಅಚ್ಚಾಗಿ ಬಂದಿತ್ತು. ಕೆಳಗೆ ಅವಳು ಸಹಿ ಹಾಕಿ, ಪಕ್ಕದಲ್ಲಿ ಆ ದಿನದ ತಾರೀಖು ಬರೆದಳು.

ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಕುಬೇರಪ್ಪನವರ ಕಣ್ಣು ವಿತರಣಾ ರಿಜಿಸ್ಟರಿನ ಮೇಲೆ ಬಿತ್ತು. ಅವರು ಅದನ್ನು ತೆರೆದರು, ನಾಲ್ಕು ಪುಟ ಮಗುಚಿದರು. ನವೆಂಬರ್ ಹದಿನೈದರಿಂದ ಅವತ್ತಿನ ತನಕ ಪ್ರತಿ ದಿನದ ಪುಟ ಅವಳ ಅಕ್ಷರದಲ್ಲಿತ್ತು, ಪ್ರತಿ ಪುಟದ ಕೆಳಗೆ ಅವಳ ಸಹಿ.

“ಆಡಿಟಿನವರು ಬಂದು ಏನಂತ ಕೇಳ್ತಾರ? ಗೈರು ಇದ್ದಾಕಿ ಪುಸ್ತಕ ಹೆಂಗ ಕೊಟ್ಲು ಅಂತ ಕೇಳ್ತಾರ.”

ಸುಜಾತಾ ಒಂದು ಕ್ಷಣ ಆಸೆಪಟ್ಟಳು. ಅದೇ ಅಲ್ಲವೇ ಪುರಾವೆ, ಅದನ್ನೇ ಮೇಲೆ ಕಳಿಸಿರೆಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕುಬೇರಪ್ಪನವರಿಗೆ ದಾರಿ ಹೊಳೆದಿತ್ತು. ಹಾವು ಸಾಯಬಾರದು, ಕೋಲು ಮುರಿಯಬಾರದು ಎಂದು ಬದುಕಿದವರು ಅವರು. ಅಕ್ಷರ ಯಾರದೇ ಇರಲಿ, ಸಹಿ ಹಾಜರಿದ್ದವನದು ಇರಬೇಕು. ಆ ದಿನಗಳಲ್ಲಿ ಹಾಜರಿದ್ದವನು ಉದಯಕುಮಾರ. ಅವಳ ಸಹಿಯನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ಅವನು ಸಹಿ ಮಾಡಲಿ. ಇವತ್ತೇ ಆಗಬೇಕು, ನಾಳೆ ಹೊಸ ವರ್ಷದ ರಿಜಿಸ್ಟರ್.

ಉದಯಕುಮಾರ ಅಮರಗೋಳದಿಂದ ಬಂದು, ಅಂಗಿಯ ತೋಳಿಗೆ ಹತ್ತಿದ ಜೋಳದ ಧೂಳು ಝಾಡಿಸಿಕೊಂಡು ಅವಳ ಮೇಜಿನ ಎದುರು ಕುಳಿತ. ಅವಳ ಕಡೆ ನೋಡಲಿಲ್ಲ. ಮೊದಲ ಪುಟದಲ್ಲಿ ಅವನು ಎಳೆದ ಕೆಂಪು ಗೆರೆ ಸೊಟ್ಟಗೆ ಹೋಗಿ ಒಬ್ಬ ಓದುಗನ ಹೆಸರಿನ ಮೇಲೇ ಹರಿಯಿತು. ಸುಜಾತಾ ತಡೆಯಲಾರದೆ ಪೆನ್ನು ಇಸಿದುಕೊಂಡಳು. ಖಾನೆಯಿಂದ ಫೂಟುಪಟ್ಟಿ ತೆಗೆದು, ತನ್ನ ಸಹಿಯ ಮೇಲೆ ಇಟ್ಟು, ಓದಲು ಬರುವ ಹಾಗೆ ಒಂದೇ ಒಂದು ನೆಟ್ಟನೆಯ ಗೆರೆ ಎಳೆದಳು. ಅವನು ಪಕ್ಕದಲ್ಲಿ ಸಹಿ ಮಾಡಿದ. ಅವಳು ಪುಟ ತಿರುವಿದಳು. ಗೆರೆ, ಸಹಿ, ಪುಟ. ಓದುವ ಕೋಣೆಯಲ್ಲಿ ಒಬ್ಬೊಬ್ಬರೇ ಎದ್ದು, ಸದ್ದಾಗದಂತೆ ಕುರ್ಚಿ ಸರಿಸಿ, ಹೊರಟು ಹೋಗುತ್ತಿದ್ದರು. ಒಬ್ಬ ಹುಡುಗಿ ಬಂದು, ಅಕ್ಕಾ, ಈ ಪುಸ್ತಕ ನಾಳೆ ಕೊಡಲೇ ಎಂದು ಕೇಳಿದಳು. ಸುಜಾತಾ ಉದಯಕುಮಾರನತ್ತ ಕೈ ತೋರಿಸಿದಳು.

“ಇನ್ನೆಷ್ಟು ಅದಾವ ಅಕ್ಕಾ?” ಎಂದ ಅವನು, ಬೆರಳು ನೆಟಿಕೆ ತೆಗೆಯುತ್ತ.

“ಡಿಸೆಂಬರ್ ಮುಗೀತು.”

“ಏನಂದಿ?”

ಅವಳು ಜನವರಿಯ ಮೊದಲ ಪುಟ ತೆರೆದು, ಪಟ್ಟಿ ಇಟ್ಟು ಗೆರೆ ಎಳೆದು, ಅವನು ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಬೆರಳಿಟ್ಟಳು.